ಮುಟ್ಟಿ ನೋಡಿದ್ದೇನೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ಅಹವಾಲು ಆಯೋಗದ ಮಾನ್ಯ ಅಧ್ಯಕ್ಷರೇ, ‘ಮೃದು ಕಾನೂನು’ ಎಂಬ ವಿಷಯದ ಮೇಲೆ ಇದೀಗ ಮುಕ್ಕಾಲು ಗಂಟೆ ಮಾತನಾಡಿ ದಣಿದಿರುವ ಮುಖ್ಯ ಅತಿಥಿಗಳೂ ನಿವೃತ್ತ ನ್ಯಾಯಾಧೀಶರೂ ಆದ ಹಿರಿಯರೇ, ಸಾರ್ವಜನಿಕ ಕಟ್ಟಡಗಳ ಇಲಾಖೆಯಿಂದ ಬಂದಿರುವ ಅಧಿಕಾರಿಗಳೇ, ವಕೀಲ ಮಿತ್ರರೇ, ನನ್ನನ್ನು ಇಪ್ಪತ್ತೆಂಟು ವರ್ಷ ಸಹಿಸಿಕೊಂಡ ಸಹೋದ್ಯೋಗಿಗಳೇ, ಮೊದಲ ಸಾಲಿನ ತುದಿಯಲ್ಲಿ ಕೂತಿರುವ ನನ್ನ ಅಣ್ಣನೇ, ಕೊನೆಯ ಸಾಲಿನಲ್ಲಿ ಕೂತಿರುವ, ನಾನೇ ಕರೆಸಿರುವ ಇಬ್ಬರು ಮಹಿಳೆಯರೇ, ಮತ್ತು ಹಿಂದಿನ ಮೇಜಿನ ಮೇಲೆ ಕಾಫಿ ಆರುತ್ತಿದೆಯೆಂದು ಗೊತ್ತಿದ್ದರೂ ಕದಲದೆ ಕೂತಿರುವ ಎಲ್ಲ ಸಭಿಕರೇ,

ನಿಮಗೆಲ್ಲ ನನ್ನ ವಂದನೆಗಳು. ಈ ಮೈಕನ್ನು ಸ್ವಲ್ಪ ತಗ್ಗಿಸಿ. ಇನ್ನೂ ಸ್ವಲ್ಪ. ಹಾಂ, ಸಾಕು. ಎದುರಿನ ಗೋಡೆಯ ಗಡಿಯಾರ ನಾಲ್ಕೂ ಹತ್ತು ತೋರಿಸುತ್ತಿದೆ, ನನ್ನ ಕೈಗಡಿಯಾರ ನಾಲ್ಕೂ ಹದಿಮೂರು ಎನ್ನುತ್ತಿದೆ. ಇವತ್ತಿನ ಮಟ್ಟಿಗೆ ನಾನು ನನ್ನದನ್ನೇ ನಂಬುತ್ತೇನೆ. ಐದೂವರೆಗೆ ನನ್ನ ಸೇವೆ ಮುಗಿಯುತ್ತದೆ. ಐದೂವರೆಯ ಮೇಲೆ ನಾನು ಯಾವ ಕಾಗದಕ್ಕೆ ಸಹಿ ಹಾಕಿದರೂ ಅದಕ್ಕೆ ಈ ಕಚೇರಿಯಲ್ಲಿ ಬೆಲೆಯಿಲ್ಲ. ಹಾಗಾಗಿ ನಡುನಡುವೆ ಗಡಿಯಾರ ನೋಡಿಕೊಂಡರೆ ಮುಖ್ಯ ಅತಿಥಿಗಳು ಬೇಸರ ಮಾಡಿಕೊಳ್ಳಬಾರದು. ತಾವು ಒಂದು ಗಂಟೆ ತಡವಾಗಿ ಬಂದಿರಿ ಎನ್ನುವ ಕಾರಣಕ್ಕೆ ನಾನು ನೋಡುತ್ತಿಲ್ಲ.

ಈಗ ತಾನೇ ನನ್ನ ಕೈಗೆ ಒಂದು ಫಲಕ ಕೊಟ್ಟಿದ್ದೀರಿ. ಮರದ ಚೌಕಟ್ಟು, ಹಿತ್ತಾಳೆಯ ತಗಡು, ಅದರ ಮೇಲೆ ಎರಡೇ ಪದ: ಮುಟ್ಟಿ ನೋಡಿದ್ದೇನೆ. ಯಾರ ಯೋಚನೆ ಇದು? ಬಂದ ಕಾಗದಕ್ಕೆಲ್ಲ ಮೊಹರು ಒತ್ತುವ ಆವಕ ವಿಭಾಗದವರೇ, ಕರವಸ್ತ್ರ ಅಡ್ಡ ಹಿಡಿದು ನಗುತ್ತಿದ್ದೀರಲ್ಲ, ನಿಮ್ಮದೇ ಇರಬೇಕು. ಇದನ್ನು ಕೊಟ್ಟಾಗ ನೀವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ನಾನು ಮಾತ್ರ ಅದನ್ನು ಮಗುಚಿ ಹಿಡಿದುಕೊಂಡೆ. ಯಾಕೆಂದು ಹೇಳುತ್ತೇನೆ. ಅದನ್ನು ಹೇಳುವುದಕ್ಕೇ ನಿಂತಿದ್ದೇನೆ. ಆದರೆ ಹೊರಗಿನಿಂದ ಬಂದವರಿಗೆ ಈ ಎರಡು ಪದದ ಹಿನ್ನೆಲೆ ಗೊತ್ತಿಲ್ಲವಾದ್ದರಿಂದ ಮೊದಲಿನಿಂದ ಶುರು ಮಾಡಬೇಕು.

ನಾನು ಈ ಆಯೋಗಕ್ಕೆ ಸೇರಿದ ದಿನ ಸಂಜೆ ಅಮ್ಮ ಕೇಳಿದ್ದಳು, “ನಿಮ್ಮ ಆಫೀಸಲ್ಲಿ ಅದೇನು ಕೆಲಸ ಮಾಡ್ತೀರೇ?”

“ಜನ ದೂರು ಕೊಡ್ತಾರಮ್ಮ. ನಾವು ವಿಚಾರಣೆ ಮಾಡಿ, ಇಂಥ ಇಲಾಖೆ ಇಂಥದ್ದನ್ನ ಸರಿ ಮಾಡಿದರೆ ಒಳ್ಳೇದು ಅಂತ ಶಿಫಾರಸು ಬರೆದು ಕಳಿಸ್ತೀವಿ.”

“ಅವರು ಮಾಡದೇ ಇದ್ರೆ?”

“ಮಾಡಲೇಬೇಕು ಅಂತೇನಿಲ್ಲ.”

“ಅಂದ್ರೆ ನೀವು ಹೇಳೋದು, ಅವರು ಕೇಳದೇ ಇರೋದು. ಅದಕ್ಕೆ ಒಂದು ಆಫೀಸು ಬೇರೆ ಕೇಡು! ಈ ಮನೇಲಿ ಇಷ್ಟು ವರ್ಷದಿಂದ ನಾನು ಮಾಡ್ತಿರೋದೂ ಅದೇ ಅಲ್ವೇನೇ?”

ನಗಬೇಡಿ. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆಯಲ್ಲಿ ಹೇಳಿದ್ದನ್ನು ಅಮ್ಮ ಒಲೆಯ ಮುಂದೆ ನಿಂತು ಒಂದೇ ಉಸಿರಿನಲ್ಲಿ ಹೇಳಿದ್ದಳು. ಶಿಫಾರಸು, ಮಾರ್ಗಸೂಚಿ, ಮಾದರಿ ಸಂಹಿತೆ, ಸಲಹಾ ಸುತ್ತೋಲೆ ಇವೆಲ್ಲ ಮೃದು ಕಾನೂನು, ಯಾರನ್ನೂ ಕಟ್ಟಿಹಾಕುವುದಿಲ್ಲ. ಪಾಲಿಸದಿದ್ದರೆ ದಂಡವಿಲ್ಲ, ಜೈಲಿಲ್ಲ, ಜಪ್ತಿಯಿಲ್ಲ. ಹಾಗಾದರೆ ಇವು ಯಾಕಿವೆ? ಇಷ್ಟೊಂದು ಮಂದಿ ವಕೀಲರು ಇವನ್ನು ಹೊತ್ತುಕೊಂಡು ಕೋರ್ಟಿಗೆ ಯಾಕೆ ಹೋಗುತ್ತಾರೆ? ನ್ಯಾಯಾಧೀಶರು ಇವನ್ನು ಯಾಕೆ ಓದುತ್ತಾರೆ?

ನಾನು ಕಾನೂನು ಓದಿದವಳು ಹೌದು, ವಕಾಲತ್ತು ನಡೆಸಿದವಳಲ್ಲ. ಇಪ್ಪತ್ತೆಂಟು ವರ್ಷ ಕಡತಗಳ ಹಿಂದೆ ಓಡಾಡಿ ತಿಳಿದದ್ದನ್ನು ಹೇಳುತ್ತೇನೆ. ಒಂದು ಶಿಫಾರಸು ಹೋಗಿ ಒಬ್ಬ ಅಧಿಕಾರಿಯ ಮೇಜಿನ ಮೇಲೆ ಕೂತಿತು ಅಂದರೆ, ಆ ದಿನದಿಂದ ಆತ ‘ನನಗೆ ಗೊತ್ತಿರಲಿಲ್ಲ’ ಎನ್ನುವ ಹಾಗಿಲ್ಲ. ಅಷ್ಟೇ ಅದರ ಶಕ್ತಿ. ಒಂದು ಶಾಲೆಯ ಮೆಟ್ಟಿಲಿಗೆ ಹಿಡಿಕಂಬಿ ಹಾಕಿಸಿದರೆ ಒಳ್ಳೆಯದೆಂದು ನಾವು ಬರೆದೆವು. ಶಾಲೆಯವರು ಓದಿ ಮಡಿಸಿಟ್ಟರು. ಎರಡು ವರ್ಷದ ಮೇಲೆ ಅಲ್ಲಿ ಒಬ್ಬ ಶಿಕ್ಷಕಿ ಬಿದ್ದು ಸೊಂಟ ಮುರಿದುಕೊಂಡಾಗ ಕೋರ್ಟು ಕೇಳಿದ್ದು ಒಂದೇ ಪ್ರಶ್ನೆ. ಇದು ಕಡ್ಡಾಯವಲ್ಲ ನಿಜ, ಆದರೆ ಅಪಾಯವಿದೆ ಎಂದು ತಿಳಿಸಿದ ಮೇಲೂ ನೀವು ಯಾಕೆ ಸುಮ್ಮನಿದ್ದಿರಿ? ಆ ಶಿಕ್ಷಕಿ ಗೆದ್ದರು. ಆ ತೀರ್ಪಿನ ಪ್ರತಿಯನ್ನು ನಾವು ಕಚೇರಿಯ ಗೋಡೆಗೆ ಅಂಟಿಸಿಕೊಂಡೆವು.

ಆ ದಿನ ನಮಗೆ ಬಹಳ ಹೆಮ್ಮೆಯಾಗಿತ್ತು. ನಮ್ಮ ಕಾಗದ ಇನ್ನೊಂದು ದಿಕ್ಕಿನಲ್ಲೂ ಕೆಲಸ ಮಾಡಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗಂತೂ ಹೊಳೆಯಲೇ ಇಲ್ಲ. ಸ್ವಲ್ಪ ನೀರು ಕುಡಿಯುತ್ತೇನೆ.

ನಾಲ್ಕೂ ಇಪ್ಪತ್ತೆರಡು. ಇರಲಿ.

ಈ ಎರಡು ಪದದ ವಿಷಯಕ್ಕೆ ಬರುತ್ತೇನೆ. ನಮ್ಮ ಆಯೋಗದ ಮೊದಲ ಅಧ್ಯಕ್ಷರನ್ನು ನಾವೆಲ್ಲ ‘ದೊಡ್ಡವರು’ ಎಂದೇ ಕರೆಯುತ್ತಿದ್ದೆವು. ನನ್ನನ್ನು ಅನುಪಾಲನಾ ಅಧಿಕಾರಿ ಮಾಡಿದವರು ಅವರೇ. ಅನುಪಾಲನೆ ಅಂದರೆ ಶಿಫಾರಸು ಹೋದ ಮೇಲೆ ಇಲಾಖೆಯ ಬೆನ್ನು ಬೀಳುವುದು. ಮೊದಲ ತಿಂಗಳು ಒಂದು ಇಲಾಖೆಯಿಂದ ‘ಕಾಮಗಾರಿ ಪೂರ್ಣಗೊಂಡಿದೆ’ ಎಂಬ ಉತ್ತರ ಬಂತು. ನಾನು ಸಂಭ್ರಮದಿಂದ ಓಡಿಹೋಗಿ ಕಡತ ಮುಚ್ಚಲು ಅನುಮತಿ ಕೇಳಿದೆ. ಅವರು ತಲೆ ಎತ್ತದೆ ಕೇಳಿದರು, “ನೀನು ನೋಡಿದ್ಯಾ?”

“ಪತ್ರ ಬಂದಿದೆ ಸರ್.”

“ಪತ್ರ ಬಂತು ಅಂದ್ರೆ ಪತ್ರ ಬಂತು ಅಂತ ಅರ್ಥ. ಕೆಲಸ ಆಯ್ತು ಅಂತ ಅಲ್ಲ. ನಮಗೆ ಯಾರನ್ನೂ ಹೆದರಿಸೋ ಅಧಿಕಾರ ಇಲ್ಲಮ್ಮ. ಇರೋದು ಎರಡು ಕಾಲು, ಎರಡು ಕೈ. ಹೋಗು, ಮುಟ್ಟಿ ನೋಡಿ ಬಾ.”

ಹೋದೆ. ಅದು ಸಾರ್ವಜನಿಕ ಕಚೇರಿಯೊಂದರ ಕುಡಿಯುವ ನೀರಿನ ನಲ್ಲಿ. ನಲ್ಲಿಯೇನೋ ಹೊಸದು, ಫಳಫಳ ಹೊಳೆಯುತ್ತಿತ್ತು. ತಿರುಗಿಸಿದರೆ ಕೈಗೇ ಬಂತು. ಹಿಂದೆ ಕೊಳವೆಯೇ ಇರಲಿಲ್ಲ, ಗೋಡೆಗೆ ಸಿಕ್ಕಿಸಿದ್ದರು. ನಲ್ಲಿಯನ್ನು ಕೈಯಲ್ಲೇ ಹಿಡಿದುಕೊಂಡು ಬಂದು ದೊಡ್ಡವರ ಮೇಜಿನ ಮೇಲಿಟ್ಟೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ಇದು ನಮ್ಮ ಕಚೇರಿಯ ರೂಢಿಯಾಯಿತು. ನಿಯಮವಲ್ಲ, ಯಾವ ಪುಸ್ತಕದಲ್ಲೂ ಬರೆದಿಲ್ಲ. ಸರಿಪಡಿಸಿದ ವಸ್ತುವನ್ನು ಅಧಿಕಾರಿ ಹೋಗಿ ಮುಟ್ಟಬೇಕು, ಕಡತದ ಅಂಚಿನಲ್ಲಿ ‘ಮುಟ್ಟಿ ನೋಡಿದ್ದೇನೆ’ ಎಂದು ಕೈಯಾರೆ ಬರೆದು ಸಹಿ ಹಾಕಬೇಕು. ಆಮೇಲೇ ಕಡತ ಮುಚ್ಚಬೇಕು. ಒಂದು ಸಲ ಆಗಷ್ಟೇ ಬಣ್ಣ ಬಳಿದ ಬಾಗಿಲು ಮುಟ್ಟಿ, ಹಸಿರು ಅಂಗೈಯಲ್ಲೇ ಕಡತ ಹಿಡಿದದ್ದರಿಂದ ಆ ಪುಟದ ಮೇಲೆ ನನ್ನ ಐದೂ ಬೆರಳು ಇವತ್ತಿಗೂ ಇವೆ. ಹೊಸದಾಗಿ ಸೇರಿದವರಿಗೆ ಅದನ್ನು ತೋರಿಸಿ ಕೀಟಲೆ ಮಾಡುತ್ತೀರಿ, ನನಗೆ ಗೊತ್ತು.

ಬರಬರುತ್ತಾ ಈ ಮಾತಿಗೆ ಒಂದು ತೂಕ ಬಂತು. ವಕೀಲರು ಕೋರ್ಟಿನಲ್ಲಿ ಇದನ್ನು ಓದಿ ಹೇಳತೊಡಗಿದರು. ಅಹವಾಲು ಆಯೋಗದವರು ಮುಟ್ಟಿ ನೋಡಿದ್ದಾರೆ ಅಂದರೆ ಮುಗಿಯಿತು ಎನ್ನುವಂತಾಯಿತು. ಸ್ವಾಗತ ಭಾಷಣದಲ್ಲಿ ಅಧ್ಯಕ್ಷರು ಹೇಳಿದರಲ್ಲ, “ಇವರು ಮುಚ್ಚಿದ ಒಂಬೈನೂರಕ್ಕೂ ಹೆಚ್ಚು ಕಡತಗಳಲ್ಲಿ ಒಂದರಲ್ಲೂ ಸುಳ್ಳಿಲ್ಲ” ಎಂದು. ಅಧ್ಯಕ್ಷರೇ, ತಾವು ದೊಡ್ಡ ಮನಸ್ಸಿನಿಂದ ಹೇಳಿದಿರಿ. ಆ ಮಾತು ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕುರ್ಚಿ ಸರಿಯಿಲ್ಲವೇ ಎಂದು ತಾವೇ ಮೆಲ್ಲಗೆ ಕೇಳಿದಿರಿ. ಕುರ್ಚಿ ಸರಿಯಾಗಿಯೇ ಇದೆ.

ಅಣ್ಣನ ಬಗ್ಗೆ ಎರಡು ಮಾತು ಹೇಳಬೇಕು. ಬೀಳ್ಕೊಡುಗೆಯಲ್ಲಿ ಮನೆಯವರನ್ನು ನೆನೆಯುವುದು ವಾಡಿಕೆ ತಾನೇ? ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಅಪ್ಪ ಕೆಲಸದ ಮೇಲೆ ವರ್ಷದ ಬಹುಪಾಲು ಹೊರಗೇ ಇರುತ್ತಿದ್ದ. ಹಾಗಾಗಿ ನನ್ನ ಅಂಕಪಟ್ಟಿಗೆ ಪೋಷಕರ ಸಹಿ ಹಾಕುತ್ತಿದ್ದವನು ಅಣ್ಣನೇ. ಅಣ್ಣ ಸಹಿ ಹಾಕುತ್ತಾನೆ ಅಂದರೆ ಅದು ಸುಲಭದ ಮಾತಲ್ಲ. ಮೊದಲು ಕನ್ನಡಕದ ಹುಡುಕಾಟ. ಮೇಜಿನ ಕೆಳಗೆ, ದಿಂಬಿನ ಅಡಿಯಲ್ಲಿ, ಅಂಗಿಯ ಜೇಬಿನಲ್ಲಿ. ನೋಡಿದರೆ ಅದು ಅವನ ತಲೆಯ ಮೇಲೇ ಇರುತ್ತಿತ್ತು. ಆಮೇಲೆ ಅಂಕಪಟ್ಟಿಯ ಪ್ರತಿಯೊಂದು ಸಾಲು ಓದುವುದು. ಹಿಂಬದಿಯ ಸೂಚನೆಗಳನ್ನೂ ಓದುವುದು. ನಾನು ಬಾಗಿಲಲ್ಲಿ ನಿಂತು, “ಬೇಗ ಹಾಕಣ್ಣಾ, ಗಂಟೆ ಹೊಡೀತಾರೆ” ಎಂದು ಕುಣಿಯುತ್ತಿದ್ದೆ. ಅವನು, “ಓದದೆ ಸಹಿ ಹಾಕಬಾರದು ಕಣೇ. ಸಹಿ ಅಂದ್ರೆ ಮುಖ ಇದ್ದ ಹಾಗೆ” ಅನ್ನುತ್ತಿದ್ದ. ಕೊನೆಗೆ ಸಹಿ. ಕೊನೆಯಕ್ಷರದ ಬಾಲವನ್ನು ಎಡಕ್ಕೆ ಎಳೆದು, ಅದರಡಿಯಲ್ಲಿ ಎರಡು ಚುಕ್ಕಿ. ಆ ಸಹಿಯನ್ನು ಕತ್ತಲಲ್ಲಿ ತೋರಿಸಿದರೂ ಗುರುತು ಹಿಡಿಯುತ್ತೇನೆ. ಅಮ್ಮ ಹೋದ ಮೇಲೆ ನನಗೆ ಅಂತ ಇದ್ದವನು ಅವನೊಬ್ಬನೇ. ಅವನನ್ನು ನಂಬದೆ ನಾನು ಇನ್ನು ಯಾರನ್ನು ನಂಬಲಿ?

ಅಣ್ಣ ಸಾರ್ವಜನಿಕ ಕಟ್ಟಡಗಳ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದ. ಮುಂದಿನ ಸಾಲಿನ ಅಧಿಕಾರಿಗಳು ಈಗ ಸ್ವಲ್ಪ ನೆಟ್ಟಗೆ ಕೂತರು. ಕೂತಿರಿ, ಹೇಳುತ್ತೇನೆ.

ಎಂಟು ವರ್ಷದ ಹಿಂದೆ ದೊಡ್ಡಾಸ್ಪತ್ರೆಯ ದಾದಿಯೊಬ್ಬರು ನಮಗೆ ದೂರು ಕೊಟ್ಟರು. ಅಲ್ಲಿನ ಲಿಫ್ಟು ಮೂರನೇ ಮಹಡಿಯಲ್ಲಿ ನೆಲಕ್ಕೆ ಸಮವಾಗಿ ನಿಲ್ಲುವುದಿಲ್ಲ, ನಾಲ್ಕು ಬೆರಳು ಕೆಳಗೆ ನಿಲ್ಲುತ್ತದೆ. ರೋಗಿಗಳು ಎಡವುತ್ತಾರೆ, ತಳ್ಳುಗಾಡಿಯ ಚಕ್ರ ಸಿಕ್ಕಿಕೊಳ್ಳುತ್ತದೆ. ವಿಚಾರಣೆ ಮಾಡಿದೆವು. ಲಿಫ್ಟನ್ನು ಸರಿಮಟ್ಟಕ್ಕೆ ತಂದರೆ ಒಳ್ಳೆಯದು, ಅಲ್ಲಿಯವರೆಗೆ ಇಳಿಜಾರಾಗಿ ಒಂದು ಹಲಗೆ ಇಟ್ಟರೆ ಒಳ್ಳೆಯದು ಎಂದು ಶಿಫಾರಸು ಬರೆದೆವು. ಎರಡು ತಿಂಗಳ ಮೇಲೆ ಉತ್ತರ ಬಂತು: ‘ಕಾಮಗಾರಿ ಪೂರ್ಣಗೊಂಡಿದೆ.’ ಕೆಳಗೆ ಸಹಿ. ಎಡಕ್ಕೆ ಎಳೆದ ಬಾಲ, ಅಡಿಯಲ್ಲಿ ಎರಡು ಚುಕ್ಕಿ.

ಆ ತಿಂಗಳ ಕೊನೆಗೆ ಅಣ್ಣ ನಿವೃತ್ತನಾಗುವವನಿದ್ದ. ನಮ್ಮಲ್ಲಿ ವಾರ್ಷಿಕ ವರದಿ ಅಚ್ಚಿಗೆ ಹೋಗಬೇಕಿತ್ತು. ಬಾಕಿ ಉಳಿದಿದ್ದದ್ದು ಇದೊಂದೇ ಕಡತ. ಇದನ್ನು ಮುಚ್ಚಿದರೆ ‘ಬಾಕಿ: ಸೊನ್ನೆ’ ಎಂದು ಹಾಕಬಹುದಿತ್ತು. ಆ ಸೊನ್ನೆಯ ಮೇಲೆ ನನಗೆ ಬಹಳ ಆಸೆಯಿತ್ತು. ಸುಳ್ಳು ಯಾಕೆ ಹೇಳಲಿ, ಆಸೆಯಿತ್ತು. ಅಣ್ಣನಿಗೆ ಫೋನ್ ಮಾಡಿದೆ.

“ಏನಣ್ಣಾ, ಆ ಲಿಫ್ಟಿನ ಕೆಲಸ ಆಯ್ತಾ?”

“ಕಾಗದ ಕಳಿಸಿದ್ದೀನಲ್ಲೇ.”

“ಹಾಗಾದ್ರೆ ನಾನು ಬರೋದೇನೂ ಬೇಡ್ವಾ?”

“ಅದು ನಿನ್ನಿಷ್ಟ ಕಣೇ.”

ಫೋನ್ ಇಟ್ಟೆ. ಪೆನ್ನು ತೆಗೆದೆ. ಅಂಚಿನಲ್ಲಿ ಬರೆದೆ: ಮುಟ್ಟಿ ನೋಡಿದ್ದೇನೆ.

ಮುಟ್ಟಿರಲಿಲ್ಲ. ನೋಡಿರಲೂ ಇಲ್ಲ. ಆಸ್ಪತ್ರೆ ನಮ್ಮ ಕಚೇರಿಯಿಂದ ಹನ್ನೆರಡು ನಿಮಿಷದ ನಡಿಗೆ.

ಯಾರೂ ಕೆಮ್ಮುತ್ತಲೂ ಇಲ್ಲವಲ್ಲ. ಒಳ್ಳೆಯದು, ನನಗೆ ಬೇಗ ಮುಗಿಸಲು ಅನುಕೂಲ. ಇನ್ನೊಂದು ಮಾತು. ನಮ್ಮದೇ ಮಾರ್ಗಸೂಚಿಯಲ್ಲಿ ಒಂದು ಸಾಲಿದೆ: ಬಂಧುಗಳಿಗೆ ಸಂಬಂಧಪಟ್ಟ ಕಡತವನ್ನು ಬೇರೆ ಅಧಿಕಾರಿಗೆ ಒಪ್ಪಿಸುವುದು ಒಳ್ಳೆಯದು. ಒಳ್ಳೆಯದು ಎಂದಷ್ಟೇ ಇದೆ. ಅದೂ ಒಂದು ಶಿಫಾರಸೇ ತಾನೇ, ಯಾರು ಕೇಳುತ್ತಾರೆ ಅಂದುಕೊಂಡೆ. ಊರಿನ ಇಲಾಖೆಗಳೆಲ್ಲ ಶಿಫಾರಸು ಪಾಲಿಸುವುದಿಲ್ಲ ಎಂದು ಇಪ್ಪತ್ತೆಂಟು ವರ್ಷ ಗೊಣಗಿದವಳು ನಾನು. ಮುಖ್ಯ ಅತಿಥಿಗಳೇ, ತಮ್ಮ ಉಪನ್ಯಾಸಕ್ಕೆ ಒಂದು ಉದಾಹರಣೆ ಬೇಕಿದ್ದರೆ ದಯವಿಟ್ಟು ಇದನ್ನು ಬಳಸಿಕೊಳ್ಳಿ.

ನಾನು ಹಾಗೆ ಬರೆದು ಹನ್ನೊಂದು ತಿಂಗಳು ಕಳೆದಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಒಬ್ಬ ಮಹಿಳೆ, ಒದ್ದೆ ಹೊದಿಕೆಗಳನ್ನು ತುಂಬಿದ ಗಾಡಿಯನ್ನು ಲಿಫ್ಟಿನಿಂದ ಹಿಮ್ಮುಖವಾಗಿ ಎಳೆಯುತ್ತಿದ್ದರು. ಬಟ್ಟೆ ಒಣಗಿಸುವ ಜಾಗ ಮೂರನೇ ಮಹಡಿಯಲ್ಲಿದೆ, ದಿನಕ್ಕೆ ಇಪ್ಪತ್ತು ಸಲ ಮಾಡುವ ಕೆಲಸ. ಅಲ್ಲಿ ಚಕ್ರ ಆ ನಾಲ್ಕು ಬೆರಳಿಗೆ ತಡೆಯಿತು. ಅವರು ಜೋರಾಗಿ ಎಳೆದರು. ಗಾಡಿ ಮಗುಚಿ ಅವರ ಮೇಲೆ ಬಿತ್ತು. ಬಲಗಾಲಿನ ಮಂಡಿ ಪುಡಿಯಾಯಿತು. ಆ ಕಾಲು ಇವತ್ತಿಗೂ ಮಡಿಸುವುದಿಲ್ಲ. ನಿಂತೇ ಮಾಡುವ ಕೆಲಸ ಅವರದು. ಅದು ಹೋಯಿತು.

ಅವರು ಪರಿಹಾರ ಕೇಳಿ ಕೋರ್ಟಿಗೆ ಹೋದರು. ಇಲಾಖೆಯ ವಕೀಲರು ಹೆಚ್ಚು ವಾದ ಮಾಡಲಿಲ್ಲ. ನಮ್ಮ ಕಡತದ ಒಂದು ಪುಟದ ನಕಲನ್ನು ಹಾಜರುಪಡಿಸಿದರು, ಅಷ್ಟೇ. ತೀರ್ಪಿನ ಸಾಲು ನನಗೆ ಬಾಯಿಪಾಠ ಬರುತ್ತದೆ. ‘ಸ್ವತಂತ್ರ ಸಂಸ್ಥೆಯೊಂದರ ಅಧಿಕಾರಿ ಖುದ್ದಾಗಿ ಪರಿಶೀಲಿಸಿ, ಮುಟ್ಟಿ ನೋಡಿದ್ದೇನೆಂದು ಬರೆದಿರುವುದರಿಂದ, ಇಲಾಖೆ ತಕ್ಕ ಎಚ್ಚರ ವಹಿಸಿದೆ ಎಂದೇ ಭಾವಿಸಬೇಕಾಗುತ್ತದೆ.’ ದೋಷ ಆ ಮಹಿಳೆಯ ಅಜಾಗರೂಕತೆಯದ್ದು ಎಂದಾಯಿತು. ಅವರು ಸೋತರು. ಶಾಲೆಯ ಮೆಟ್ಟಿಲಿನಲ್ಲಿ ಒಬ್ಬರನ್ನು ಗೆಲ್ಲಿಸಿದ ಅದೇ ತರಹದ ಕಾಗದ. ಯಾರನ್ನೂ ಕಟ್ಟಿಹಾಕುವುದಿಲ್ಲ ಎಂದು ನಾವು ಹೇಳುತ್ತಿದ್ದ ಕಾಗದ. ಅದು ಅವರ ಕೈಕಾಲು ಕಟ್ಟಿ ಕೂರಿಸಿತು.

ನನಗೆ ಇದೆಲ್ಲ ಗೊತ್ತಿರಲಿಲ್ಲ. ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲ. ಹಾಗೆಂದು ಹೇಳಿಕೊಂಡು ತಪ್ಪಿಸಿಕೊಳ್ಳುವುದಿಲ್ಲ. ಹದಿನೈದು ದಿನದ ಹಿಂದೆ ಒಬ್ಬ ಯುವ ವಕೀಲೆ ನನ್ನ ಕೋಣೆಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ತೀರ್ಪಿನ ಪ್ರತಿ, ಕಡತದ ನಕಲು ಎರಡನ್ನೂ ನನ್ನ ಮುಂದಿಟ್ಟರು.

“ಮೇಡಂ, ಮೇಲ್ಮನವಿ ಹಾಕಿದ್ದೀವಿ. ನಿಮಗೆ ಒಂದೇ ಒಂದು ಪ್ರಶ್ನೆ. ನೀವು ನಿಜವಾಗ್ಲೂ ಅಲ್ಲಿಗೆ ಹೋಗಿದ್ರಾ?”

ನಾನು ಏನು ಹೇಳಬೇಕಿತ್ತು? ನಿಮಗೆಲ್ಲ ಗೊತ್ತಿದೆ. ಆದರೆ ನಾನು ಹೇಳಿದ್ದು, “ಕಡತದಲ್ಲಿ ಏನಿದೆಯೋ ಅದೇ.” ಎಂಥ ಜಾಣ ಉತ್ತರ! ಆಕೆ ಕಾಗದ ಮಡಿಸಿ, “ಸರಿ ಮೇಡಂ, ಥ್ಯಾಂಕ್ಸ್” ಎಂದು ಹೊರಟುಹೋದರು. ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಕೊನೆಯ ಸಾಲಿನ ಇಬ್ಬರಲ್ಲಿ ಒಬ್ಬರು ಆಕೆಯೇ. ಪಕ್ಕದಲ್ಲಿ ಕಾಲು ನೀಡಿ ಕೂತಿರುವವರು ಲಾಂಡ್ರಿಯ ತಾಯಿ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ. ನೋಡಬೇಕಾದವಳು ನಾನು, ನೋಡುತ್ತಿದ್ದೇನೆ.

ಆ ದಿನದಿಂದ ಕೂತರೆ ನಿಂತರೆ ಅದೇ ಯೋಚನೆ. ಕಡತ ತರಿಸುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಮೂರು ಸಲ ಪೆನ್ನು ತೆಗೆದೆ, ಮೂರು ಸಲವೂ ಮುಚ್ಚಳ ಹಾಕಿದೆ. ಇನ್ನೇನು ಹದಿನೈದು ದಿನ, ಹತ್ತು ದಿನ, ಒಂದು ವಾರ, ಆಮೇಲೆ ಮನೆಗೆ ಹೋಗಿ ನೆಮ್ಮದಿಯಾಗಿರಬಹುದು ಎಂದು ಲೆಕ್ಕ ಹಾಕಿದೆ. ನೀವು ಫಲಕ ಮಾಡಿಸುತ್ತಿದ್ದೀರಿ ಎಂದೂ ನನಗೆ ಗೊತ್ತಾಗಿತ್ತು, ಈ ಕಚೇರಿಯಲ್ಲಿ ಯಾವ ಗುಟ್ಟು ನಿಂತಿದೆ? ನಾಚಿಕೆಯಾಗುತ್ತದೆ ಹೇಳಲು, ಆ ಫಲಕವನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಈ ಮಂಗಳವಾರ ಮಧ್ಯಾಹ್ನ ಎದ್ದು ಆಸ್ಪತ್ರೆಗೆ ನಡೆದೆ. ಹನ್ನೆರಡು ನಿಮಿಷದ ದಾರಿ, ನನಗೆ ಎಂಟು ವರ್ಷ ಹಿಡಿಯಿತು. ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಒಬ್ಬ ವಯಸ್ಸಾದ ಲಿಫ್ಟಿನವರು. ಮೂರನೇ ಮಹಡಿ ಬಂದಾಗ, “ಹುಷಾರಮ್ಮಾ, ಮೆಟ್ಟಿಲಿದೆ” ಅಂದರು.

“ಎಲ್ಲರಿಗೂ ಹೇಳ್ತೀರಾ?”

“ಹೇಳ್ತಾನೇ ಇರ್ತೀನಮ್ಮ. ಕೆಲವರು ಕೇಳ್ತಾರೆ, ಕೆಲವರು ಫೋನಲ್ಲಿ ಮಾತಾಡ್ಕೊಂಡು ಹೋಗಿ ಎಡವ್ತಾರೆ. ನಾನೇನು ಕೈ ಹಿಡ್ಕೊಂಡು ಎತ್ತಕ್ಕಾಗುತ್ತಾ?”

ನಾನು ಅಲ್ಲೇ ಬಗ್ಗಿ ಕುಳಿತೆ. ಜನ ಸುತ್ತು ಹಾಕಿಕೊಂಡು ಹೋದರು. ಲಿಫ್ಟಿನ ನೆಲಕ್ಕೂ ಮಹಡಿಯ ನೆಲಕ್ಕೂ ನಡುವೆ ಬೆರಳಿಟ್ಟೆ. ಒಂದು, ಎರಡು, ಮೂರು, ನಾಲ್ಕು. ಸರಿಯಾಗಿ ನಾಲ್ಕು. ಅಂಚಿನ ಕಬ್ಬಿಣ ಸವೆದು ನುಣ್ಣಗಾಗಿತ್ತು. ಅಲ್ಲಿನ ಎಣ್ಣೆಯ ಕಪ್ಪು ಈ ಉಗುರಿನ ಸಂದಿಯಲ್ಲಿ ಇನ್ನೂ ಇದೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಲಿಫ್ಟಿನವರು ಗಾಬರಿಯಾಗಿ, “ಏನಾದ್ರೂ ಬೀಳಿಸ್ಕೊಂಡ್ರಾ ಅಮ್ಮಾ?” ಎಂದು ಕೇಳಿದರು.

ನಾಲ್ಕೂ ನಲವತ್ತೇಳು. ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ‘ಇನ್ನು ಸಾಕಲ್ಲವೇ?’ ಎಂದಿದೆ. ಸಲಹೆಗೆ ಕೃತಜ್ಞತೆಗಳು, ಅಧ್ಯಕ್ಷರೇ. ಇದು ಕಡ್ಡಾಯವಲ್ಲ ಎಂದು ಭಾವಿಸುತ್ತೇನೆ.

ಬುಧವಾರ ಅಣ್ಣನ ಮನೆಗೆ ಹೋದೆ. ಎಲ್ಲ ಹೇಳಿದೆ. ಅವನು ಮೇಜಿನ ಬಟ್ಟೆಯ ಅಂಚನ್ನು ಮಡಿಸಿದ, ಬಿಚ್ಚಿದ. ಆಮೇಲೆ ಹೇಳಿದ, “ಗುತ್ತಿಗೆದಾರ ಆಯ್ತು ಅಂದ. ನಾನು ಬರೆದುಬಿಟ್ಟೆ.”

“ಹೋಗಿ ನೋಡಲಿಲ್ವಾ?”

“ನಿವೃತ್ತಿಯ ತಿಂಗಳು ಕಣೇ, ಮೇಜು ಖಾಲಿ ಮಾಡ್ಬೇಕಿತ್ತು. ಹೇಗೂ ನೀನು ಹೋಗ್ತೀಯಲ್ಲ ಅಂದ್ಕೊಂಡೆ. ನೀನು ಮುಟ್ಟದೆ ಬಿಡೋಳಲ್ಲ ಅಂತ ಊರಿಗೇ ಗೊತ್ತು.”

ಅವನು ನನ್ನನ್ನು ನಂಬಿದ. ನಾನು ಅವನನ್ನು ನಂಬಿದೆ. ಕೋರ್ಟು ನಮ್ಮಿಬ್ಬರನ್ನೂ ನಂಬಿತು. ಲಿಫ್ಟು ಮಾತ್ರ ನಾಲ್ಕು ಬೆರಳು ಕೆಳಗೇ ನಿಂತಿತು. ಅಣ್ಣ ಬಾಗಿಲವರೆಗೂ ಬರಲಿಲ್ಲ. ಅರವತ್ತು ವರ್ಷದಲ್ಲಿ ಅವನು ನನ್ನನ್ನು ಬಾಗಿಲವರೆಗೆ ಕಳಿಸದೇ ಇದ್ದದ್ದು ಅದೇ ಮೊದಲು. ಇವತ್ತು ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ. ಬಂದು ಕೂತಿದ್ದಾನೆ, ತಲೆ ಬಗ್ಗಿಸಿಕೊಂಡಿದ್ದಾನೆ.

ಈಗ ಕೆಲಸಕ್ಕೆ ಬರುತ್ತೇನೆ. ಮೇಲ್ಮನವಿಯ ವಿಚಾರಣೆ ಬರುವ ಸೋಮವಾರ. ನಾಳೆ ನಾನು ಪ್ರಮಾಣಪತ್ರ ಬರೆದುಕೊಡಬಹುದು, ಆದರೆ ನಾಳೆ ನಾನು ಒಬ್ಬ ನಿವೃತ್ತ ಹೆಂಗಸು, ವಯಸ್ಸಾಗಿ ಮರೆವಾಗಿದೆ ಎಂದು ಪಕ್ಕಕ್ಕೆ ಸರಿಸುತ್ತಾರೆ. ಮುಚ್ಚಿದ ಕಡತವನ್ನು ಮುಚ್ಚಿದ ಅಧಿಕಾರಿಯೇ, ಸೇವೆಯಲ್ಲಿರುವಾಗಲೇ, ತನ್ನ ಟಿಪ್ಪಣಿಯಿಂದ ತೆರೆಯಬಹುದು. ಇದೂ ದೊಡ್ಡವರು ಹಾಕಿಕೊಟ್ಟ ರೂಢಿ. ಇವತ್ತು ಐದೂವರೆಯೊಳಗೆ ಸಹಿ ಬಿದ್ದು, ಆವಕದ ಮೊಹರು ಬಿದ್ದರೆ, ಅದು ಕಡತದ ಮಾತಾಗುತ್ತದೆ. ಟಿಪ್ಪಣಿ ನನ್ನ ಚೀಲದಲ್ಲಿದೆ. ಓದುತ್ತೇನೆ.

‘ಈ ಕಡತದ ಅಂಚಿನಲ್ಲಿ ಎಂಟು ವರ್ಷದ ಹಿಂದೆ ನಾನು ಬರೆದ ಮಾತು ಸುಳ್ಳು. ನಾನು ಸ್ಥಳಕ್ಕೆ ಹೋಗಿರಲಿಲ್ಲ. ಇಲಾಖೆಯ ಪತ್ರಕ್ಕೆ ಸಹಿ ಮಾಡಿದವರು ನನ್ನ ಅಣ್ಣ, ಇದನ್ನು ನಾನು ಆಗ ತಿಳಿಸಬೇಕಿತ್ತು, ತಿಳಿಸಲಿಲ್ಲ. ಈ ಮಂಗಳವಾರ ಹೋಗಿ ಪರಿಶೀಲಿಸಿದೆ. ಲಿಫ್ಟು ಈಗಲೂ ನಾಲ್ಕು ಬೆರಳು ಕೆಳಗೆ ನಿಲ್ಲುತ್ತದೆ. ಮುಟ್ಟಿ ನೋಡಿದ್ದೇನೆ. ಕಡತವನ್ನು ಮತ್ತೆ ತೆರೆಯಲಾಗಿದೆ.’

ಆಯಿತು, ಇದೋ ಸಹಿ. ನಾಲ್ಕೂ ಐವತ್ತೆರಡು ಎಂದು ಸಮಯವನ್ನೂ ಬರೆದಿದ್ದೇನೆ. ಆವಕ ವಿಭಾಗದವರೇ, ಮೊಹರು ತಂದಿದ್ದೀರಾ? ಬೆಳಿಗ್ಗೆ ತನ್ನಿ ಎಂದಾಗ, ‘ಬೀಳ್ಕೊಡುಗೆಗೂ ಮೊಹರು ಬೇಕಾ ಮೇಡಂ’ ಎಂದು ತಮಾಷೆ ಮಾಡಿದಿರಿ. ಬೇಕಿತ್ತು. ಅಳಬೇಡಿ, ಮೊದಲು ಬನ್ನಿ. ಅಧ್ಯಕ್ಷರೇ, ನನ್ನ ಮೇಲೆ ವಿಚಾರಣೆ ನಡೆಸುವುದು ತಮ್ಮ ಕರ್ತವ್ಯ, ಖಂಡಿತ ನಡೆಸಿ. ಈ ಫಲಕವನ್ನು ಇಲ್ಲೇ ಮೇಜಿನ ಮೇಲೆ ಇಟ್ಟು ಹೋಗುತ್ತೇನೆ. ಲಾಂಡ್ರಿಯ ತಾಯಿ, ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ. ಕ್ಷಮಿಸಲೇಬೇಕು ಅಂತೇನಿಲ್ಲ.

ಇನ್ನೊಂದೇ ಒಂದು ವಿಷಯ. ನನ್ನ ಟಿಪ್ಪಣಿ ನನ್ನ ಸುಳ್ಳನ್ನು ಮಾತ್ರ ಹೇಳುತ್ತದೆ. ಇಲಾಖೆಯ ಪತ್ರ ಹಾಗೇ ನಿಂತಿದೆ. ಸೋಮವಾರ ಅವರ ವಕೀಲರು, ನಮ್ಮ ಎಂಜಿನಿಯರ್ ನೋಡಿಯೇ ಬರೆದಿದ್ದರು ಅಂದರೆ ಈ ತಾಯಿ ಮತ್ತೆ ಸೋಲಬಹುದು. ಅದಕ್ಕೇ ಟಿಪ್ಪಣಿಯ ಕೆಳಗೆ ಮೂರು ಬೆರಳು ಜಾಗ ಬಿಟ್ಟಿದ್ದೇನೆ. ಆ ಪತ್ರ ಬರೆದವನು, ತಾನೂ ಹೋಗಿ ನೋಡಿರಲಿಲ್ಲ ಎಂದು ಅಲ್ಲಿ ಒಂದು ಸಾಲು ಬರೆದು ಸಹಿ ಹಾಕಿದರೆ ಒಳ್ಳೆಯದು. ಹಾಕದಿದ್ದರೆ ನಾನೇನೂ ಮಾಡುವ ಹಾಗಿಲ್ಲ. ಅವನನ್ನು ಒತ್ತಾಯಿಸುವ ಅಧಿಕಾರ ಈ ಆಯೋಗಕ್ಕಿಲ್ಲ, ತಂಗಿಗೆ ಮೊದಲೇ ಇಲ್ಲ. ಅಣ್ಣಾ, ಇದು ನನ್ನ ಸೇವೆಯ ಕೊನೆಯ ಶಿಫಾರಸು. ನಿನಗೆ.

ಅಣ್ಣ ಎದ್ದ.

ದಾರಿ ಬಿಡಿ. ಅವನು ಯಾವ ಕಡೆಗೆ ಹೋಗುತ್ತಾನೋ ಆ ಕಡೆಗೆ ದಾರಿ ಬಿಡಿ. ಬಾಗಿಲ ಕಡೆಗಾದರೂ ಸರಿ, ಯಾರೂ ತಡೆಯಬೇಡಿ, ಯಾರೂ ಏನೂ ಅನ್ನಬೇಡಿ. ಅವನು ನಿಂತಿದ್ದಾನೆ. ಅಂಗಿಯ ಜೇಬು ತಡಕುತ್ತಿದ್ದಾನೆ. ಈಗ ಪ್ಯಾಂಟಿನ ಜೇಬು. ಈಗ ಕುರ್ಚಿಯ ಕೆಳಗೆ ಬಗ್ಗಿ ನೋಡುತ್ತಿದ್ದಾನೆ.

ಅಣ್ಣಾ, ತಲೆ ಮೇಲೇ ಇದೆ ಕಣಣ್ಣಾ.

ಬಾ. ನಿಧಾನವಾಗಿ ಬಾ, ಇಲ್ಲಿ ಮೆಟ್ಟಿಲಿದೆ. ಪೂರ್ತಿ ಓದು, ಹಿಂಬದಿಯನ್ನೂ ಓದು. ಇನ್ನೂ ಅರ್ಧ ಗಂಟೆ ಇದೆ, ಇವತ್ತು ನಾನು ಅವಸರ ಮಾಡುವುದಿಲ್ಲ.

ಆರಿದ ಕಾಫಿಗೆ ಕಾಯ್ದ ಸಭಿಕರೇ, ನನ್ನ ಮಾತು ಮುಗಿಯಿತು. ಇಷ್ಟು ಹೊತ್ತು ಎದ್ದು ಹೋಗದೆ ಕೇಳಿದ್ದಕ್ಕೆ ನಿಮಗೆಲ್ಲ ಧನ್ಯವಾದಗಳು. ನಮಸ್ಕಾರ.